ಪ್ಯಾಕೇಜ್ ಹಾಕುವಾಗ ಡೈರೆಕ್ಟರಿಗಳು: ಯಾವುದನ್ನು ಕಟ್ಟಬೇಕು, ಯಾವುದನ್ನು ಮುಟ್ಟಬಾರದು

ಕಲಬುರಗಿ ನೆಹರೂ ಗಂಜಿನ ಒಂದು ಅಡತ್ ಅಂಗಡಿ ಎಂದಿಟ್ಟುಕೊಳ್ಳಿ. ಉಬುಂಟು ಹಾಕಿದ ಒಂದು ಕಂಪ್ಯೂಟರ್, ಇಬ್ಬರು ಮುನೀಮರು, ತೊಗರಿ ಚೀಲದ ತೂಕ ಬರೆದು ಚೀಟಿ ಮುದ್ರಿಸುವ ಒಂದು ಸಣ್ಣ ಸಾಫ್ಟ್‌ವೇರ್. ಹಾಕಿದ ದಿನ ಎಲ್ಲವೂ ಸರಿಯಾಗಿ ನಡೆಯುತ್ತದೆ. ಮರುದಿನ ಎರಡನೆಯ ಮುನೀಮ ತನ್ನ ಹೆಸರಿನಲ್ಲಿ ಲಾಗಿನ್ ಆಗುತ್ತಾನೆ, ಫೋನ್ ಬರುತ್ತದೆ: "ಸರ್, ನಿನ್ನಿ ಚೀಟಿ ಒಂದೂ ಕಾಣವಲ್ವು ನೋಡ್ರಿ." ಪ್ರೋಗ್ರಾಮಿನ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ತಪ್ಪು ಇರುವುದು ಇನ್‌ಸ್ಟಾಲ್ ಸ್ಕ್ರಿಪ್ಟ್ ಕಟ್ಟಿದ, 0700 ಅನುಮತಿಯ, ಅಂದರೆ ಒಡೆಯನೊಬ್ಬನೇ ಒಳಗೆ ಹೋಗಬಲ್ಲ, ಒಂದು ಡೈರೆಕ್ಟರಿಯಲ್ಲಿ.

ಫೈಲಿಗೆ ಒಬ್ಬನೇ ಯಜಮಾನ, ಅದನ್ನು ತಂದ ಪ್ಯಾಕೇಜ್. ಡೈರೆಕ್ಟರಿ ಹಾಗಲ್ಲ. ಅದರಲ್ಲಿ ಹತ್ತು ಪ್ಯಾಕೇಜ್‌ಗಳ ಫೈಲು ಇರಬಹುದು, ಅಡ್ಮಿನ್ ಇಟ್ಟದ್ದು ಇರಬಹುದು, ಬಳಕೆದಾರರ ದುಡಿಮೆ ಇರಬಹುದು. ಹೀಗಾಗಿ ಪ್ಯಾಕೇಜ್ ತನ್ನದೆಂದು ಖಚಿತವಾಗಿರುವ ಡೈರೆಕ್ಟರಿಯನ್ನು ಮಾತ್ರ, ಒಡೆತನ ಮತ್ತು ಅನುಮತಿಯನ್ನು ಸ್ಪಷ್ಟವಾಗಿ ಬರೆದು ಕಟ್ಟಬೇಕು. ಉಳಿದದ್ದು ಇದ್ದರೆ ಇದ್ದ ಹಾಗೆಯೇ ಬಿಡಬೇಕು. ಕೆಳಗಿನ ಹಂತಗಳೆಲ್ಲ ಇದರ ವಿವರವೇ. ಉದಾಹರಣೆಯ ಪ್ಯಾಕೇಜಿಗೆ "ತೊಗರಿ" ಎಂದು ಹೆಸರಿಡೋಣ. ಆದೇಶಗಳನ್ನೂ ಪಾಥ್‌ಗಳನ್ನೂ ಇಲ್ಲಿ ಕನ್ನಡದಲ್ಲಿ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಹಂತ 1: ಕಾಗದದ ಮೇಲೆ ಪಟ್ಟಿ ಮಾಡಿ

ಸ್ಕ್ರಿಪ್ಟ್ ಬರೆಯುವ ಮುಂಚೆ ಸಾಫ್ಟ್‌ವೇರ್ ಏನೇನು ಇಡುತ್ತದೆ ಎಂದು ಬರೆದುಕೊಳ್ಳಿ. ಪ್ರತಿ ಡೈರೆಕ್ಟರಿಗೆ ನಾಲ್ಕು ಕಾಲಂ: ಪಾಥ್, ಒಡೆಯ, ಗುಂಪು, ಅನುಮತಿ. ಐದನೆಯದೊಂದು ಸೇರಿಸಿದರೆ ಇನ್ನೂ ಒಳ್ಳೆಯದು: ಸಾಫ್ಟ್‌ವೇರ್ ತೆಗೆದಾಗ ಇದು ಹೋಗಬೇಕೇ, ಉಳಿಯಬೇಕೇ?

ಜಾಗಗಳನ್ನು ಹೊಸದಾಗಿ ಯೋಚಿಸಬೇಕಿಲ್ಲ. ಲಿನಕ್ಸ್‌ನ ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್ 1994ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, 2015ರಲ್ಲಿ 3.0 ಆವೃತ್ತಿಗೆ ಬಂದಿದೆ. ಅದರ ಪ್ರಕಾರ ಬದಲಾಗದ ಸಾಮಗ್ರಿ, ಅಂದರೆ ಚೀಟಿಯ ಟೆಂಪ್ಲೇಟು, ಐಕಾನ್, ಫಾಂಟ್, ಇವೆಲ್ಲ /ಯುಎಸ್‌ಆರ್/ಶೇರ್/ತೊಗರಿ ಒಳಗೆ. ಅಡ್ಮಿನ್ ತಿದ್ದುವ ಸೆಟ್ಟಿಂಗ್ /ಇಟಿಸಿ/ತೊಗರಿ ಒಳಗೆ. ದಿನದಿನವೂ ಬೆಳೆಯುವ ಚೀಟಿಗಳು /ವಾರ್/ಲಿಬ್/ತೊಗರಿ ಒಳಗೆ. ಅಳಿಸಿದರೂ ಮತ್ತೆ ತಯಾರಾಗುವಂಥದ್ದು /ವಾರ್/ಕ್ಯಾಶ್/ತೊಗರಿ ಒಳಗೆ, ಲಾಗ್ /ವಾರ್/ಲಾಗ್/ತೊಗರಿ ಒಳಗೆ.

ಜನ ಹೆಚ್ಚು ಎಡವುವುದು ಕ್ಯಾಶ್ ಮತ್ತು ಲಿಬ್ ನಡುವೆ. ಡಿಸ್ಕ್ ತುಂಬಿದಾಗ ಅಡ್ಮಿನ್ ಮೊದಲು ಕೈ ಹಾಕುವುದೇ ಕ್ಯಾಶ್‌ಗೆ, ಹಾಗೆ ಮಾಡುವ ಹಕ್ಕೂ ಅವರಿಗಿದೆ. ಮುದ್ರಣಕ್ಕೆ ಕಾದಿರುವ ಚೀಟಿಯನ್ನು ಅಲ್ಲಿಟ್ಟರೆ ಹೋದಮೇಲೆ ಯಾರನ್ನೂ ದೂರುವಂತಿಲ್ಲ.

/ಯುಎಸ್‌ಆರ್/ಲೋಕಲ್ ಅಡ್ಮಿನ್‌ನ ಜಾಗ. ಕೈಯಾರೆ "ಮೇಕ್ ಇನ್‌ಸ್ಟಾಲ್" ಹೊಡೆದಾಗ ಎಲ್ಲವೂ ಅಲ್ಲಿಗೆ ಹೋಗುವುದು ಸರಿ. ಆದರೆ ಉಬುಂಟುವಿಗೆ ಮೂಲವಾದ ಡೆಬಿಯನ್‌ನ ನಿಯಮಾವಳಿಯ ಪ್ರಕಾರ ಪ್ಯಾಕೇಜ್ ಅಲ್ಲಿ ಫೈಲ್ ಇಡುವಂತಿಲ್ಲ. ಬೇಕೇ ಬೇಕೆಂದರೆ ಪೋಸ್ಟ್‌ಇನ್‌ಸ್ಟ್, ಅಂದರೆ ಫೈಲುಗಳನ್ನು ಇಟ್ಟ ಮೇಲೆ ಓಡುವ ಸ್ಕ್ರಿಪ್ಟ್, ಒಂದು ಖಾಲಿ ಡೈರೆಕ್ಟರಿ ಕಟ್ಟಬಹುದು. ಅದು ಕಟ್ಟಲಾಗದಿದ್ದರೂ ಇನ್‌ಸ್ಟಾಲ್ ನಿಲ್ಲಬಾರದು, ತೆಗೆಯುವಾಗ ಖಾಲಿ ಇದ್ದರೆ ಮಾತ್ರ ಅಳಿಸಬೇಕು.

ಹಂತ 2: ನಿಜವಾದ ಜಾಗದಲ್ಲಲ್ಲ, ಪಕ್ಕದಲ್ಲಿ ಕಟ್ಟಿ ನೋಡಿ

ಪ್ಯಾಕೇಜ್ ತಯಾರಿಸುವಾಗ ಫೈಲುಗಳು ನೇರವಾಗಿ /ಯುಎಸ್‌ಆರ್ ಒಳಗೆ ಹೋಗಬಾರದು. ಒಂದು ತಾತ್ಕಾಲಿಕ ಡೈರೆಕ್ಟರಿಯಲ್ಲಿ ಇಡೀ ಮರವನ್ನು ಕಟ್ಟಿ, ಅದನ್ನು ಪ್ಯಾಕೇಜ್ ಮಾಡಬೇಕು. ಇದಕ್ಕಾಗಿ ಗ್ನೂ ಮೇಕ್‌ಫೈಲ್‌ಗಳಲ್ಲಿ (ಸಾಫ್ಟ್‌ವೇರ್ ಕಟ್ಟುವ ಹೆಜ್ಜೆಗಳನ್ನು ಬರೆದಿಡುವ ಫೈಲುಗಳಲ್ಲಿ) ಡೆಸ್ಟ್‌ಡಿರ್ ಎಂಬ ವೇರಿಯಬಲ್ ಇದೆ. ಇನ್‌ಸ್ಟಾಲ್ ಆಗುವ ಪ್ರತಿ ಪಾಥ್‌ನ ಮೊದಲಿಗೂ ಅದು ಅಂಟಬೇಕು.

ಡೆಸ್ಟ್‌ಡಿರ್ ಬೇರೆ, ಪ್ರಿಫಿಕ್ಸ್ ಬೇರೆ. ಪ್ರಿಫಿಕ್ಸ್ ಎಂದರೆ ಸಾಫ್ಟ್‌ವೇರ್ ಕೊನೆಗೆ ಬದುಕುವ ಜಾಗ; ಅದು ಪ್ರೋಗ್ರಾಮಿನೊಳಗೂ ಬರೆಯಲ್ಪಡುತ್ತದೆ. ಡೆಸ್ಟ್‌ಡಿರ್ ಪ್ಯಾಕಿಂಗ್ ಮಾಡುವಾಗಿನ ಜಾಗ. ಅದರ ಸುಳಿವು ಪ್ರೋಗ್ರಾಮಿನೊಳಗೆ ಎಲ್ಲೂ ಇರಬಾರದು. ಇವೆರಡನ್ನು ಅದಲುಬದಲು ಮಾಡಿದರೆ ಅಂಗಡಿಯ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ತನ್ನ ಟೆಂಪ್ಲೇಟನ್ನು ನಿಮ್ಮ ಮನೆಯ ಲ್ಯಾಪ್‌ಟಾಪಿನ ಹೋಮ್ ಡೈರೆಕ್ಟರಿಯಲ್ಲಿ ಹುಡುಕುತ್ತ ಕೂರುತ್ತದೆ.

ಮೇಕ್‌ಫೈಲಿನಲ್ಲಿ "ಇನ್‌ಸ್ಟಾಲ್‌ಡಿರ್ಸ್" ಎಂಬ ಪ್ರತ್ಯೇಕ ಗುರಿ ಇಡುವುದು ಗ್ನೂ ಪದ್ಧತಿ. ಅದರ ಕೆಲಸ ಡೈರೆಕ್ಟರಿ ಕಟ್ಟುವುದು ಅಷ್ಟೇ, ಬೇರೆ ಏನೂ ಮಾಡಬಾರದು. ಫೈಲ್ ನಕಲು ಮಾಡುವ ಹೆಜ್ಜೆಗೆ ಮುಂಚೆ ಅದು ಓಡಬೇಕು. ಇಲ್ಲದಿದ್ದರೆ ಒಂದು ತಮಾಷೆ ಆಗುತ್ತದೆ: ಗುರಿ ಡೈರೆಕ್ಟರಿ ಇಲ್ಲದಾಗ ನಕಲು ಆದೇಶವು ಒಂದೇ ಫೈಲನ್ನು ಆ ಡೈರೆಕ್ಟರಿಯ ಹೆಸರಿನಲ್ಲೇ ಇಟ್ಟುಬಿಡುತ್ತದೆ. ಮುಂದಿನ ಹೆಜ್ಜೆ ಅದೇ ಹೆಸರಿನ ಡೈರೆಕ್ಟರಿ ಕಟ್ಟಲು ಹೋದಾಗ "ಫೈಲ್ ಎಗ್ಜಿಸ್ಟ್ಸ್" ಎಂದು ನಿಲ್ಲುತ್ತದೆ. ಪಾಥ್‌ನ ಕೊನೆಗೆ ಒಂದು ಓರೆಗೆರೆ ಹಾಕಿದ್ದರೆ ನಕಲು ಆದೇಶ ಅಲ್ಲೇ ತಪ್ಪು ತೋರಿಸುತ್ತಿತ್ತು.

ಪ್ಯಾಕ್ ಮಾಡುವ ಮುಂಚೆ ಮರದ ಒಡೆತನವನ್ನೂ ನೋಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ನೀವು ಸಾಮಾನ್ಯವಾಗಿ 1000 ಸಂಖ್ಯೆಯ ಬಳಕೆದಾರ. ಅಂಗಡಿಯ ಉಬುಂಟುವಿನಲ್ಲಿ ಮೊದಲು ಸೇರಿಸಿದ ಮುನೀಮನೂ 1000. ಒಡೆತನ ಸರಿಪಡಿಸದೆ ಡೆಬ್ (ಡೆಬಿಯನ್ ಮಾದರಿಯ ಪ್ಯಾಕೇಜ್ ಫೈಲ್) ಕಟ್ಟಿದರೆ ಪ್ರೋಗ್ರಾಮಿನ ಡೈರೆಕ್ಟರಿಗೆ ಆ ಮುನೀಮನೇ ಒಡೆಯನಾಗುತ್ತಾನೆ, ಏನು ಬೇಕಾದರೂ ಬದಲಿಸಬಹುದು. ಡಿಪಿಕೆಜಿ-ಡೆಬ್ ಆದೇಶಕ್ಕೆ "ರೂಟ್-ಓನರ್-ಗ್ರೂಪ್" ಆಯ್ಕೆ ಕೊಟ್ಟರೆ ಎಲ್ಲವೂ ರೂಟ್, ಅಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಬಳಕೆದಾರನ, ಹೆಸರಿಗೆ ಬರುತ್ತದೆ.

ಹಂತ 3: ಕಟ್ಟುವ ಆದೇಶವನ್ನು ಅರಿತು ಬಳಸಿ

ಎಲ್ಲರ ಬೆರಳಿಗೂ ಬರುವುದು "ಎಂಕೆಡಿರ್ -ಪಿ". ಇದ್ದರೆ ಸುಮ್ಮನಿರುತ್ತದೆ, ಇಲ್ಲದಿದ್ದರೆ ಮೇಲಿನ ಹಂತಗಳನ್ನೂ ಸೇರಿಸಿ ಕಟ್ಟುತ್ತದೆ. ಎರಡು ಸಲ ಓಡಿಸಿದರೂ ತೊಂದರೆಯಿಲ್ಲ ಎಂಬುದು ಇದರ ದೊಡ್ಡ ಗುಣ. "ಮೊದಲು ಇದೆಯೇ ಎಂದು ನೋಡು, ಇಲ್ಲದಿದ್ದರೆ ಕಟ್ಟು" ಎಂದು ಎರಡು ಸಾಲು ಬರೆಯುವುದಕ್ಕಿಂತ ಇದು ಭದ್ರ. ನೋಡುವುದಕ್ಕೂ ಕಟ್ಟುವುದಕ್ಕೂ ನಡುವಿನ ಕ್ಷಣದಲ್ಲಿ ಇನ್ನೊಂದು ಪ್ರೋಸೆಸ್ ಅದೇ ಡೈರೆಕ್ಟರಿ ಕಟ್ಟಿದರೆ ಆ ಎರಡು ಸಾಲಿನ ಸ್ಕ್ರಿಪ್ಟ್ ಬೀಳುತ್ತದೆ.

ಆದರೆ ಅನುಮತಿಯ ವಿಷಯದಲ್ಲಿ ಎಂಕೆಡಿರ್ ಅನ್ನು ನಂಬಿ ಕೂರಬಾರದು. "ಎಂಕೆಡಿರ್ -ಪಿ -ಎಂ 0750" ಎಂದು ಮೂರು ಹಂತದ ಪಾಥ್ ಕೊಟ್ಟರೆ 0750 ಬೀಳುವುದು ಕೊನೆಯ ಹಂತಕ್ಕೆ ಮಾತ್ರ. ನಡುವಿನವು ಆಗಿನ ಯುಮಾಸ್ಕ್ (ಹೊಸದಕ್ಕೆ ಯಾವ ಅನುಮತಿ ಕೊಡಬಾರದೆಂಬ ಸೆಟ್ಟಿಂಗ್) ಹೇಳಿದಂತೆ ಆಗುತ್ತವೆ. ಯುಮಾಸ್ಕ್ 022 ಇದ್ದರೆ 0755, 077 ಇದ್ದರೆ 0700. ಇನ್‌ಸ್ಟಾಲ್ ಸ್ಕ್ರಿಪ್ಟನ್ನು ರೂಟ್ ಆಗಿ ಕೈಯಿಂದ ಓಡಿಸಿದಾಗ, ಆ ಯಂತ್ರದಲ್ಲಿ ಯಾರೋ ಭದ್ರತೆಗೆಂದು ರೂಟ್‌ನ ಯುಮಾಸ್ಕ್ ಅನ್ನು 077 ಮಾಡಿಟ್ಟಿದ್ದರೆ, ಮೇಲಿನ ಮುನೀಮನ ಫೋನ್ ಖಚಿತ. ಅಂಥ ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲೇ "ಯುಮಾಸ್ಕ್ 022" ಎಂದು ಬರೆಯಿರಿ. ಡೆಬ್ ಹಾಕುವ ಆದೇಶವಾದ ಡಿಪಿಕೆಜಿ ಮೂಲಕ ಓಡುವ ಸ್ಕ್ರಿಪ್ಟುಗಳಿಗೆ ಈ ಭಯವಿಲ್ಲ, ಡಿಪಿಕೆಜಿ ತಾನೇ 022 ಇಟ್ಟುಕೊಳ್ಳುತ್ತದೆ.

ಇನ್ನೊಂದು: ಡೈರೆಕ್ಟರಿ ಈಗಾಗಲೇ ಇದ್ದರೆ ಎಂಕೆಡಿರ್ ಅದರ ಅನುಮತಿಯನ್ನು ತಿದ್ದುವುದಿಲ್ಲ, -ಎಂ ಕೊಟ್ಟರೂ ಅಷ್ಟೇ. "ಇನ್‌ಸ್ಟಾಲ್ -ಡಿ" ತಿದ್ದುತ್ತದೆ. ಚೀಟಿಗಳ ಡೈರೆಕ್ಟರಿಗೆ ಪೋಸ್ಟ್‌ಇನ್‌ಸ್ಟ್‌ನಲ್ಲಿ ಹೀಗೆ ಬರೆಯಬಹುದು:

ಇನ್‌ಸ್ಟಾಲ್ -ಡಿ -ಎಂ 0755 -ಓ ರೂಟ್ -ಜಿ ರೂಟ್ /ವಾರ್/ಲಿಬ್/ತೊಗರಿ
ಇನ್‌ಸ್ಟಾಲ್ -ಡಿ -ಎಂ 2770 -ಓ ತೊಗರಿ -ಜಿ ತೊಗರಿ /ವಾರ್/ಲಿಬ್/ತೊಗರಿ/ಚೀಟಿ

ಎರಡು ಸಾಲು ಬೇಕು. ಎರಡನೆಯದನ್ನು ಮಾತ್ರ ಬರೆದರೆ ತಾಯಿ ಡೈರೆಕ್ಟರಿಯೂ ಹುಟ್ಟುತ್ತದೆ, ಆದರೆ ನೀವು ಕೊಟ್ಟ ಒಡೆತನ ಅದಕ್ಕೆ ಸಿಗುವುದಿಲ್ಲ. ಇಲ್ಲಿ ತಾಯಿ ರೂಟ್ ಹೆಸರಿಗೇ ಇರಬೇಕಾದದ್ದರಿಂದ ಸರಿಹೋಗುತ್ತದೆ. ಬೇರೆ ಒಡೆತನ ಬೇಕಾದಲ್ಲಿ ಕೈಕೊಡುತ್ತದೆ. ಪ್ರತಿ ಹಂತವನ್ನೂ ಬರೆಯುವ ಅಭ್ಯಾಸವೇ ವಾಸಿ.

2770ರ ಮೊದಲ 2 ಇಬ್ಬರು ಮುನೀಮರಿಗಾಗಿ. ಆ ಡೈರೆಕ್ಟರಿಯೊಳಗೆ ಯಾರೇ ಚೀಟಿ ಬರೆದರೂ ಅದರ ಗುಂಪು "ತೊಗರಿ" ಎಂದೇ ಆಗುತ್ತದೆ, ಬರೆದವನ ಸ್ವಂತ ಗುಂಪಲ್ಲ. ಇಬ್ಬರನ್ನೂ ಆ ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಮಾಡಿಸಿ. ಹೊಸ ಗುಂಪು ಮುಂದಿನ ಲಾಗಿನ್‌ನಿಂದಲೇ ಲೆಕ್ಕಕ್ಕೆ ಬರುವುದು. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ತಿದ್ದಬೇಕಾದರೆ ಪ್ರೋಗ್ರಾಮ್ ಫೈಲುಗಳನ್ನು 0660ರಲ್ಲಿ ಬರೆಯುವಂತೆಯೂ ನೋಡಿಕೊಳ್ಳಿ, ಡೈರೆಕ್ಟರಿಯ 2 ಅಷ್ಟನ್ನು ಮಾಡಿಕೊಡುವುದಿಲ್ಲ. 0777 ಇಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಹಾಗಿಟ್ಟರೆ ಆ ಯಂತ್ರದ ಯಾವ ಬಳಕೆದಾರನಾದರೂ ಇನ್ನೊಬ್ಬರ ಚೀಟಿಯನ್ನು ಅಳಿಸಬಹುದು: ಅಳಿಸುವ ಹಕ್ಕು ಬರುವುದು ಡೈರೆಕ್ಟರಿಯಿಂದ, ಫೈಲಿನಿಂದಲ್ಲ.

ಮೇಲಿನ ಎರಡು ಸಾಲಿಗೂ ಮುಂಚೆ "ತೊಗರಿ" ಎಂಬ ಸಿಸ್ಟಮ್ ಬಳಕೆದಾರ ಹುಟ್ಟಿರಬೇಕು. ಇಂಥ ಬಳಕೆದಾರನ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದಲೇ ಈ ಡೈರೆಕ್ಟರಿಯ ಒಡೆತನವನ್ನು ಡೆಬ್‌ನೊಳಗೇ ಕಟ್ಟಿ ಕಳಿಸಲಾಗುವುದಿಲ್ಲ. ಅಡ್ಮಿನ್ ಡಿಪಿಕೆಜಿ-ಸ್ಟ್ಯಾಟ್‌ಓವರ್‌ರೈಡ್ ಮೂಲಕ ತನ್ನದೇ ಅನುಮತಿ ದಾಖಲಿಸಿದ್ದರೆ ಪೋಸ್ಟ್‌ಇನ್‌ಸ್ಟ್ ಅದನ್ನು ನೋಡಿ ಸುಮ್ಮನಾಗಬೇಕು.

ಇಡೀ ಮರದ ಒಡೆತನ ಬದಲಿಸುವ "ಸಿಎಚ್‌ಓನ್ -ಆರ್" ಅನ್ನು ಪೋಸ್ಟ್‌ಇನ್‌ಸ್ಟ್‌ಗೆ ಹಾಕಬೇಡಿ. ವರ್ಷಗಟ್ಟಲೆ ಚೀಟಿ ತುಂಬಿದ ಮರದಲ್ಲಿ ಪ್ರತಿ ಅಪ್‌ಡೇಟಿಗೂ ಅದು ತೆವಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಳಕೆದಾರ ಬರೆಯಬಲ್ಲ ಡೈರೆಕ್ಟರಿಯಲ್ಲಿ ಬೇರೆಲ್ಲಿಯೋ ಇರುವ ಫೈಲಿಗೆ ಹಾರ್ಡ್‌ಲಿಂಕ್ (ಅದೇ ಫೈಲಿನ ಇನ್ನೊಂದು ಹೆಸರು) ಇದ್ದರೆ ಅದರ ಒಡೆತನವೂ ಬದಲಾಗಿಬಿಡುತ್ತದೆ.

ಹಂತ 4: ಇದ್ದ ಡೈರೆಕ್ಟರಿಯ ಮೇಲೆ ಪ್ಯಾಕೇಜ್ ಬಂದಾಗ

ಇಲ್ಲಿ ಡೆಬ್, ಆರ್‌ಪಿಎಂ (ಫೆಡೋರಾದಂಥವುಗಳ ಪ್ಯಾಕೇಜ್), ಟಾರ್ (ಬರೀ ಫೈಲುಗಳ ಪೊಟ್ಟಣ) ಮೂರೂ ಮೂರು ದಾರಿ.

ಡಿಪಿಕೆಜಿ ಇದ್ದ ಡೈರೆಕ್ಟರಿಯ ಒಡೆತನವನ್ನೂ ಅನುಮತಿಯನ್ನೂ ಮುಟ್ಟುವುದಿಲ್ಲ. ಫೈಲಿನದಾದರೆ ಅಪ್‌ಡೇಟ್‌ನಲ್ಲಿ ಸರಿಮಾಡುತ್ತದೆ, ಡೈರೆಕ್ಟರಿಯದು ಮಾಡುವುದಿಲ್ಲ. ಇಲ್ಲದಿದ್ದರೆ ಪ್ರತಿ ಪ್ಯಾಕೇಜೂ /ಯುಎಸ್‌ಆರ್‌ನ ಅನುಮತಿಯನ್ನು ತನಗೆ ಬೇಕಾದಂತೆ ಎಳೆದಾಡುತ್ತಿತ್ತು. ಇದರ ಪರಿಣಾಮ ಹೀಗೆ: 1.0 ಆವೃತ್ತಿಯಲ್ಲಿ ಒಂದು ಡೈರೆಕ್ಟರಿಗೆ 0700 ಹೋಗಿಬಿಟ್ಟಿದೆ, 1.1ರಲ್ಲಿ 0755 ಮಾಡಿ ಕಳಿಸಿದಿರಿ. ಹೊಸದಾಗಿ ಹಾಕಿದ ಬೀದರ್ ಅಂಗಡಿಯಲ್ಲಿ ಸರಿಯಾಗಿದೆ, ಅಪ್‌ಡೇಟ್ ಮಾಡಿದ ಕಲಬುರಗಿ ಅಂಗಡಿಯಲ್ಲಿ ಹಳೆಯ ತಪ್ಪೇ ಉಳಿದಿದೆ. ಎರಡೂ ಕಡೆ ಆವೃತ್ತಿ 1.1. ಪರಿಹಾರ ಒಂದೇ, ಪೋಸ್ಟ್‌ಇನ್‌ಸ್ಟ್‌ನಲ್ಲಿ ಹಳೆಯ ಆವೃತ್ತಿಯಿಂದ ಬಂದವರಿಗೆ ಮಾತ್ರ ಆ ಡೈರೆಕ್ಟರಿಯ ಅನುಮತಿಯನ್ನು ಒಮ್ಮೆ ತಿದ್ದುವುದು.

ಡೈರೆಕ್ಟರಿಯಾಗಿದ್ದದ್ದನ್ನು ಹೊಸ ಆವೃತ್ತಿಯಲ್ಲಿ ಸಿಮ್‌ಲಿಂಕ್ (ಬೇರೆ ಪಾಥ್ ತೋರಿಸುವ ಕೊಂಡಿ) ಮಾಡಿದರೂ ಡಿಪಿಕೆಜಿ ತಾನಾಗಿ ಬದಲಿಸುವುದಿಲ್ಲ. ಅದಕ್ಕೆಂದೇ ಡಿಪಿಕೆಜಿ-ಮೇಂಟ್‌ಸ್ಕ್ರಿಪ್ಟ್-ಹೆಲ್ಪರ್‌ನಲ್ಲಿ ಪ್ರತ್ಯೇಕ ಉಪ ಆದೇಶ ಇದೆ. ಆರ್‌ಪಿಎಂನಲ್ಲಿ ಅದೇ ಬದಲಾವಣೆ ಅಪ್‌ಡೇಟನ್ನೇ ಅರ್ಧಕ್ಕೆ ನಿಲ್ಲಿಸುತ್ತದೆ.

ಆರ್‌ಪಿಎಂನಲ್ಲಿ ಇನ್ನೊಂದು ಬಲೆ. ಸ್ಪೆಕ್ ಫೈಲಿನ ಫೈಲ್ಸ್ ವಿಭಾಗದಲ್ಲಿ "/ಯುಎಸ್‌ಆರ್/ಶೇರ್/ತೊಗರಿ/*" ಎಂದು ನಕ್ಷತ್ರ ಹಾಕಿ ಬರೆದರೆ ಒಳಗಿನವು ಪ್ಯಾಕೇಜಿನವು, ಡೈರೆಕ್ಟರಿ ಮಾತ್ರ ಯಾರದ್ದೂ ಅಲ್ಲ. ಪ್ಯಾಕೇಜ್ ತೆಗೆದ ಮೇಲೆ ಖಾಲಿ ಡೈರೆಕ್ಟರಿ ಹಾಗೇ ಬಿದ್ದಿರುತ್ತದೆ. ನಕ್ಷತ್ರ ತೆಗೆದು ಡೈರೆಕ್ಟರಿಯ ಹೆಸರನ್ನೇ ಬರೆಯಿರಿ, ಇಲ್ಲವೇ ಡಿರ್ ಗುರುತಿನೊಂದಿಗೆ ಒಂದು ಪ್ರತ್ಯೇಕ ಸಾಲು ಸೇರಿಸಿ. ಹಾಗೆಂದು /ಯುಎಸ್‌ಆರ್/ಶೇರ್ ಅನ್ನೂ ನಿಮ್ಮದೆಂದು ಬರೆದುಕೊಳ್ಳಬೇಡಿ.

ಟಾರ್ ಎಲ್ಲಕ್ಕಿಂತ ಅಪಾಯ. ಗ್ನೂ ಟಾರ್ ಬಿಚ್ಚುವಾಗ ಇದ್ದ ಡೈರೆಕ್ಟರಿಯ ಅನುಮತಿಯನ್ನೂ ತನ್ನೊಳಗಿರುವಂತೆ ಬದಲಿಸುವುದು ಅದರ ಸಹಜ ರೀತಿ. ಪೊಟ್ಟಣದ ಮೊದಲ ಸಾಲಿನಲ್ಲಿ "./" ಎಂಬುದು 0700 ಅನುಮತಿಯೊಂದಿಗೆ ಇದ್ದು, ರೂಟ್ ಆಗಿ ಅದನ್ನು "/"ನಲ್ಲಿ ಬಿಚ್ಚಿದರೆ ಇಡೀ ಯಂತ್ರದ ಬೇರಿನ ಡೈರೆಕ್ಟರಿಯೇ 0700 ಆಗುತ್ತದೆ. ರೂಟ್ ಬಿಟ್ಟು ಬೇರೆ ಯಾರೂ ಏನೂ ಮಾಡಲಾಗದು. ಬಿಚ್ಚುವ ಮುಂಚೆ "ಟಾರ್ -ಟಿವಿಎಫ್" ಹೊಡೆದು ಮೊದಲ ಹತ್ತು ಸಾಲು ಓದಿ, "ನೋ-ಓವರ್‌ರೈಟ್-ಡಿರ್" ಆಯ್ಕೆಯನ್ನೂ ಸೇರಿಸಿ.

ಹಂತ 5: /ರನ್ ಒಳಗಿನದನ್ನು ಪ್ಯಾಕೇಜಿನಲ್ಲಿ ಕಳಿಸಬೇಡಿ

/ರನ್ ಇರುವುದು ಮೆಮೊರಿಯಲ್ಲಿ. ಕರೆಂಟ್ ಹೋಗಿ ಬಂದರೆ ಅದರೊಳಗಿನದೆಲ್ಲ ಖಾಲಿ. ಪ್ಯಾಕೇಜ್ ಕಟ್ಟಿದ /ರನ್/ತೊಗರಿ ಮೊದಲ ರೀಬೂಟ್‌ವರೆಗೆ ಇರುತ್ತದೆ, ಆಮೇಲೆ ಸರ್ವಿಸ್ ಏಳುವುದಿಲ್ಲ. ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಮ್‌ಡಿಯ ಯೂನಿಟ್ ಫೈಲಿನಲ್ಲಿ "ರನ್‌ಟೈಮ್‌ಡೈರೆಕ್ಟರಿ=ತೊಗರಿ" ಎಂದು ಒಂದು ಸಾಲು ಸಾಕು, ಸರ್ವಿಸ್ ಶುರುವಾಗುವಾಗ ಸರಿಯಾದ ಒಡೆತನದಲ್ಲಿ ಹುಟ್ಟಿ, ನಿಂತಾಗ ಅಳಿಯುತ್ತದೆ. ಸರ್ವಿಸ್ ಇಲ್ಲದ ಸಾಫ್ಟ್‌ವೇರಿಗೆ ಟೆಂಪ್‌ಫೈಲ್ಸ್ ಸೆಟ್ಟಿಂಗ್ ಇದೆ. ಸ್ಟೇಟ್‌ಡೈರೆಕ್ಟರಿ, ಕ್ಯಾಶ್‌ಡೈರೆಕ್ಟರಿ, ಲಾಗ್ಸ್‌ಡೈರೆಕ್ಟರಿ ಎಂಬ ಸಾಲುಗಳೂ ಇದ್ದು, ಅವನ್ನು ಬಳಸಿದರೆ ಪೋಸ್ಟ್‌ಇನ್‌ಸ್ಟ್ ಬಹಳಷ್ಟು ಹಗುರವಾಗುತ್ತದೆ.

ಕರೆಂಟ್ ಮಾತು ಬಂದದ್ದರಿಂದ: ಇನ್‌ಸ್ಟಾಲ್ ನಡುವೆಯೇ ಹೋದರೆ, ಬಂದಮೇಲೆ "ಡಿಪಿಕೆಜಿ --ಕಾನ್ಫಿಗರ್ -ಎ" ಹೊಡೆಯಬೇಕು. ಆಗ ಪೋಸ್ಟ್‌ಇನ್‌ಸ್ಟ್ ಮೊದಲಿನಿಂದ ಮತ್ತೆ ಓಡುತ್ತದೆ, ಅರ್ಧ ಕಟ್ಟಿದ ಮರದ ಮೇಲೆಯೇ. ಪ್ರತಿ ಸಾಲೂ ಎರಡನೆಯ ಸಲ ಓಡಿದರೂ ಕೆಡದಂತೆ ಇರಬೇಕು.

ಕನ್ನಡ ಹೆಸರಿನ ಡೈರೆಕ್ಟರಿಗಳು

ಡೆಬಿಯನ್ ಪ್ಯಾಕೇಜಿನ ಹೆಸರಿನಲ್ಲಿ ಕನ್ನಡ ಅಕ್ಷರ ನಡೆಯುವುದಿಲ್ಲ, ಇಂಗ್ಲಿಷ್ ಸಣ್ಣಕ್ಷರ, ಅಂಕಿ ಮತ್ತು ಒಂದೆರಡು ಚಿಹ್ನೆ ಮಾತ್ರ. ಆದರೆ ಒಳಗಿನ ಡೈರೆಕ್ಟರಿಗೆ ಯಾವ ತಡೆಯೂ ಇಲ್ಲ, ಜಿಲ್ಲೆಗೊಂದರಂತೆ ಕಲಬುರಗಿ, ಬೀದರ್, ಯಾದಗಿರಿ ಎಂದು ಕಟ್ಟಬಹುದು. ಕಟ್ಟುವ ಮುಂಚೆ ಎರಡು ಲೆಕ್ಕ ತಿಳಿದಿರಲಿ.

ಉಬುಂಟುವಿನ ಸಾಮಾನ್ಯ ಫೈಲ್‌ಸಿಸ್ಟಮ್ ಆದ ಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಸ್ವರಚಿಹ್ನೆಗೂ ಹಲಂತಕ್ಕೂ ಬೇರೆ ಬೇರೆ. ಹೀಗಾಗಿ ಸಿಗುವುದು 85 ಸಂಕೇತ. "ಯಾದಗಿರಿ" ಒಂದಕ್ಕೇ 21 ಬೈಟ್.

ಎರಡನೆಯದು ಹೆಚ್ಚು ಕಾಡುತ್ತದೆ. "ಬೀದರ್"ನ ದೀರ್ಘ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಮೊದಲನೆಯದು 15 ಬೈಟ್, ಎರಡನೆಯದು 18. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಕ್ಸ್‌ಟಿ4 ಸಾಮಾನ್ಯವಾಗಿ ಇವನ್ನು ಒಂದು ಮಾಡುವುದಿಲ್ಲ, ಬೈಟ್ ನೋಡಿ ಎರಡು ಡೈರೆಕ್ಟರಿ ಕಟ್ಟುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನಿಂದ ನಕಲು ಮಾಡಿದ ಹೆಸರು ಬಿಡಿಸಿದ ರೂಪದಲ್ಲಿ ಬರುತ್ತದೆ, ಕೀಲಿಮಣೆಯಿಂದ ಬಂದದ್ದು ಕೂಡಿದ ರೂಪದಲ್ಲಿ ಇರಬಹುದು. ಆಗ "ಬೀದರ್" ಎರಡು, ಒಂದರಲ್ಲಿ ಚೀಟಿ, ಇನ್ನೊಂದು ಖಾಲಿ. "ತೊಗರಿ"ಯ "ತೊ" ಅಕ್ಷರದ ಸ್ವರಚಿಹ್ನೆಗೂ ಇದೇ ಪಾಡು. ಎಲ್‌ಎಸ್ ಪಟ್ಟಿಯನ್ನು ಹೆಕ್ಸ್‌ಡಂಪ್‌ಗೆ ಕೊಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಹೆಸರನ್ನು ಬಳಕೆದಾರರಿಂದ ಪಡೆಯುವಿರಾದರೆ ಕಟ್ಟುವ ಮುಂಚೆ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತನ್ನಿ.

ಇನ್ನೂ ಸುಲಭದ ದಾರಿ, ಡೈರೆಕ್ಟರಿಗೆ ಅಂಕಿ ಇಟ್ಟು ಹೆಸರನ್ನು ಪರದೆಯಲ್ಲಿ ಮಾತ್ರ ಕನ್ನಡದಲ್ಲಿ ತೋರಿಸುವುದು. ವಾಹನ ನೋಂದಣಿಯ 32, 33, 38 ಎಂದರೆ ಕಲಬುರಗಿ, ಯಾದಗಿರಿ, ಬೀದರ್ ಎಂದು ಗಂಜಿನ ಲಾರಿ ಕ್ಲೀನರಿಗೂ ಗೊತ್ತು.

ವಿಂಡೋಸ್ ಇದ್ದಲ್ಲಿ

ಅಲ್ಲಿ ಪ್ರೋಗ್ರಾಮ್ ಫೈಲ್ಸ್ ಒಳಗೆ ಪ್ರೋಗ್ರಾಮ್ ಮಾತ್ರ, ಎಲ್ಲರೂ ಹಂಚಿಕೊಳ್ಳುವ ಚೀಟಿಗಳು ಪ್ರೋಗ್ರಾಮ್‌ಡೇಟಾ ಒಳಗೆ. ಹಳೆಯ 32 ಬಿಟ್ ಸಾಫ್ಟ್‌ವೇರ್ ಪ್ರೋಗ್ರಾಮ್ ಫೈಲ್ಸ್‌ಗೆ ಬರೆಯಲು ಹೋದರೆ ವಿಸ್ಟಾದಿಂದ ಈಚೆಗಿನ ವಿಂಡೋಸ್ ಅದನ್ನು ತಡೆಯದೆ, ಆ ಬಳಕೆದಾರನ ವರ್ಚುವಲ್‌ಸ್ಟೋರ್ ಎಂಬ ಖಾಸಗಿ ಫೋಲ್ಡರಿಗೆ ಸದ್ದಿಲ್ಲದೆ ತಿರುಗಿಸಬಹುದು. ಒಬ್ಬ ಮುನೀಮನ ಚೀಟಿ ಇನ್ನೊಬ್ಬನಿಗೆ ಕಾಣದಿರಲು ಅಲ್ಲಿ ಇದೂ ಒಂದು ಕಾರಣ. ಪ್ರೋಗ್ರಾಮ್‌ಡೇಟಾದ ಫೋಲ್ಡರಿಗೆ ಇನ್‌ಸ್ಟಾಲರೇ ಗುಂಪಿನ ಅನುಮತಿ ಬರೆಯಬೇಕು. ಹಾಗೇ ಬಿಟ್ಟರೆ ಒಬ್ಬರು ಮಾಡಿದ ಫೈಲನ್ನು ಇನ್ನೊಬ್ಬರು ಓದಬಹುದು, ತಿದ್ದಲಾಗದು.

ಹಂತ 6: ತೆಗೆಯುವಾಗ

ಡೈರೆಕ್ಟರಿ ತೆಗೆಯಲು "ಆರ್‌ಎಂಡಿರ್" ಬಳಸಿ, ಅದು ಖಾಲಿ ಇದ್ದರೆ ಮಾತ್ರ ತೆಗೆಯುತ್ತದೆ. ಖಾಲಿ ಇಲ್ಲದಿದ್ದಾಗ ಸ್ಕ್ರಿಪ್ಟ್ ನಿಲ್ಲದಿರಲು "ಇಗ್ನೋರ್-ಫೇಲ್-ಆನ್-ನಾನ್-ಎಂಪ್ಟಿ" ಆಯ್ಕೆ ಕೊಡಿ. "ಆರ್‌ಎಂ -ಆರ್‌ಎಫ್" ಮುಂದೆ ವೇರಿಯಬಲ್ ಇಡುವುದಂತೂ ಬೇಡವೇ ಬೇಡ. ಆ ವೇರಿಯಬಲ್ ಯಾವ ಕಾರಣಕ್ಕೋ ಖಾಲಿಯಾಗಿದ್ದರೆ ಉಳಿಯುವ ಪಾಥ್ ಯಾವುದೆಂದು ಒಮ್ಮೆ ಬರೆದು ನೋಡಿ.

ಡೆಬಿಯನ್‌ನಲ್ಲಿ ರಿಮೂವ್ ಬೇರೆ, ಪರ್ಜ್ ಬೇರೆ. ರಿಮೂವ್ ಆದಾಗ /ಇಟಿಸಿ/ತೊಗರಿ ಉಳಿಯಬೇಕು, ಪರ್ಜ್ ಆದಾಗ ಅದೂ ಲಾಗೂ ಹೋಗಬೇಕು. ಚೀಟಿಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿ: ರೈತರಿಗೆ ಕೊಟ್ಟ ಹಣದ ಲೆಕ್ಕವನ್ನು ಪ್ಯಾಕೇಜ್ ತಾನಾಗಿ ಅಳಿಸಬಾರದು, ಪರ್ಜ್‌ನಲ್ಲಿಯೂ ಡೆಬ್‌ಕಾನ್ಫ್ (ಪ್ಯಾಕೇಜ್ ಪ್ರಶ್ನೆ ಕೇಳಲು ಇರುವ ಸಾಧನ) ಮೂಲಕ ಕೇಳಿಯೇ ಅಳಿಸಬೇಕು, ಉತ್ತರ ಬಾರದಿದ್ದರೆ "ಬೇಡ" ಎಂದೇ ತಿಳಿಯಬೇಕು.

ಹಂತ 7: ಪರೀಕ್ಷೆ

ಒಂದು ಹೊಸ ವರ್ಚುವಲ್ ಯಂತ್ರದಲ್ಲಿ "ಫೈಂಡ್ / -ಎಕ್ಸ್‌ಡೆವ್ -ಟೈಪ್ ಡಿ" ಹೊಡೆದು ಪಟ್ಟಿ ಉಳಿಸಿ. ಪ್ಯಾಕೇಜ್ ಹಾಕಿ, ಅದರ ಮೇಲೆಯೇ ಇನ್ನೊಮ್ಮೆ ಹಾಕಿ, ಹಳೆಯ ಆವೃತ್ತಿಯಿಂದಲೂ ಅಪ್‌ಡೇಟ್ ಮಾಡಿ ನೋಡಿ, ರಿಮೂವ್ ಮಾಡಿ, ಪರ್ಜ್ ಮಾಡಿ. ಮತ್ತೆ ಪಟ್ಟಿ ತೆಗೆದು ಡಿಫ್ ಹಾಕಿ. ಉಳಿದ ಪ್ರತಿ ಸಾಲಿಗೂ ಮೊದಲ ಹಂತದ ಐದನೆಯ ಕಾಲಂನಲ್ಲಿ ಉತ್ತರ ಇರಬೇಕು. ಡೆಬಿಯನ್‌ನ ಪಿಯುಪಾರ್ಟ್ಸ್ ಇದೇ ಕೆಲಸವನ್ನು ತಾನಾಗಿ ಮಾಡುತ್ತದೆ.

ಅಂಗಡಿಯಿಂದ ಫೋನ್ ಬಂದಾಗ ಮಾತ್ರ ಇಷ್ಟೆಲ್ಲ ಬೇಕಿಲ್ಲ. "ನೇಮ್‌ಐ -ಎಲ್" ಮುಂದೆ ಆ ಚೀಟಿಯ ಪೂರ್ತಿ ಪಾಥ್ ಕೊಡಿ. ಬೇರಿನಿಂದ ಚೀಟಿಯವರೆಗೆ ಪ್ರತಿ ಹಂತದ ಒಡೆಯ, ಗುಂಪು, ಅನುಮತಿ ಸಾಲಾಗಿ ಬರುತ್ತವೆ, ಮುನೀಮನಿಗೆ ಬಾಗಿಲು ಮುಚ್ಚಿದ್ದು ಯಾವ ಹಂತದಲ್ಲಿ ಎಂಬುದು ಅಲ್ಲೇ ಕಾಣುತ್ತದೆ. ಆ ಹಂತದ ಡೈರೆಕ್ಟರಿ ಯಾವ ಪ್ಯಾಕೇಜಿನದೆಂದು "ಡಿಪಿಕೆಜಿ -ಎಸ್" ಹೇಳುತ್ತದೆ. ಎಸ್ ದೊಡ್ಡಕ್ಷರದಲ್ಲಿ ಇರಲಿ, ಸಣ್ಣಕ್ಷರದ ಎಸ್ ಬೇರೆಯೇ ಕೆಲಸ ಮಾಡುತ್ತದೆ. ಯಾವ ಪ್ಯಾಕೇಜಿನ ಹೆಸರೂ ಬಾರದಿದ್ದರೆ ಅದು ಯಾವುದೋ ಸ್ಕ್ರಿಪ್ಟ್ ಕಟ್ಟಿದ್ದು, ಮೊದಲು ತೆರೆದು ನೋಡಬೇಕಾದದ್ದು ನಿಮ್ಮದೇ ಪೋಸ್ಟ್‌ಇನ್‌ಸ್ಟ್.